ಮುಖ್ಯ ಗೇಮಿನ ಅರ್ಧ ಅಂತ ಲೆಕ್ಕ ಹಾಕಬೇಡಿ

ಟಿವಿ ಕನ್ಸೋಲಿನಲ್ಲಿ 2 ಕೋಟಿ ಮಾರಿದ ಗೇಮಿನ ಸ್ಪಿನ್-ಆಫ್ (ಅದೇ ಸರಣಿಯ ಉಪಗೇಮ್) ಹ್ಯಾಂಡ್‌ಹೆಲ್ಡ್‌ಗೆ (ಕೈಯಲ್ಲಿ ಹಿಡಿದು ಆಡೋ ಯಂತ್ರಕ್ಕೆ) ಬಂದರೆ ಪ್ರಪಂಚದಾದ್ಯಂತ 1 ಕೋಟಿ ಆದ್ರೂ ಹೋಗುತ್ತೆ ಅಂತ ಪ್ರಾಜೆಕ್ಟಿನಲ್ಲಿ ಬರೀಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ದೊಡ್ಡವರಿಗೆ ಅಂತ ಮಾಡಿದ ಅಪರಾಧ ಲೋಕದ ಗೇಮ್ ಸರಣಿ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ತಗೊಳ್ಳಿ. 2008ರಲ್ಲಿ ನಾಲ್ಕನೇ ಭಾಗ ಮೊದಲ ವಾರದಲ್ಲೇ 60 ಲಕ್ಷ ಹೋಯ್ತು. ಮರುವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ ಡಿಎಸ್ ಅನ್ನೋ ಹ್ಯಾಂಡ್‌ಹೆಲ್ಡ್‌ಗೆ ಜಿಟಿಎ ಸ್ಪಿನ್-ಆಫ್ ಚೈನಾಟೌನ್ ವಾರ್ಸ್ ಬಂತು. ವಿಮರ್ಶಕರು ಬಾಯ್ತುಂಬ ಹೊಗಳಿದರು, ಡಿಎಸ್ ಅಷ್ಟೊತ್ತಿಗೆ 10 ಕೋಟಿ ಮುಟ್ಟಿತ್ತು. ಆದರೂ ಅಮೆರಿಕದಲ್ಲಿ ಆ ತಿಂಗಳು 90 ಸಾವಿರವೂ ಆಗಲಿಲ್ಲ! ಡಿಎಸ್‌ಗಿಂತ ತುಂಬಾ ಕಮ್ಮಿ ಜನರ ಕೈಲಿದ್ದ ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯಲ್ಲಿ, 2005ರ ಜಿಟಿಎ ಸ್ಪಿನ್-ಆಫ್ ಲಿಬರ್ಟಿ ಸಿಟಿ ಸ್ಟೋರೀಸ್ ಆ ಯಂತ್ರದ ಅತಿ ಹೆಚ್ಚು ಮಾರಾಟದ ಗೇಮ್‌ಗಳಲ್ಲಿ ಒಂದಾಯ್ತು. ಡಿಎಸ್ ಕೊಂಡವರಲ್ಲಿ ಮಕ್ಕಳು, ಮನೆಮಂದಿ ಜಾಸ್ತಿ. ಪಿಎಸ್‌ಪಿ ಕೊಂಡವರು ಜಿಟಿಎ ಹುಡುಕಿಕೊಂಡು ಬರೋ ವಯಸ್ಸಿನವರು.

ಹಾಗಾಗಿ ಮೊದಲು ಯಂತ್ರ ಎಷ್ಟು ಜನರ ಹತ್ತಿರ ಇದೆ ನೋಡಿ. ಆಮೇಲೆ ಅದೇ ಯಂತ್ರದಲ್ಲಿ ಇದೇ ಜಾತಿಯ ಹಳೇ ಸ್ಪಿನ್-ಆಫ್‌ಗಳನ್ನ ನೂರಕ್ಕೆ ಎಷ್ಟು ಮಂದಿ ಕೊಂಡರು ಅಂತ ತೆಗೀರಿ. ಒಂದೇ ಅಂಕಿ ಬರೀಬೇಡಿ, ಇಷ್ಟರಿಂದ ಇಷ್ಟು ಅಂತ ಬರೀರಿ.

ಪ್ರಪಂಚದ ಮಾರಾಟ ಅಂದಾಜು ಮಾಡೋಕೆ ತುಮಕೂರಿನ ಎಂ.ಜಿ. ರಸ್ತೆ ಅಂಗಡಿಗಳಲ್ಲಿ ವಿಚಾರಿಸೋ ಯೋಚನೆ ಇದ್ದರೆ ಬಿಡಿ. ದೇಶ ದೇಶಕ್ಕೂ ರುಚಿ ಬೇರೆ: 2010ರ ಮಾನ್‌ಸ್ಟರ್ ಹಂಟರ್ ಪೋರ್ಟಬಲ್ ಥರ್ಡ್ ಪಿಎಸ್‌ಪಿಯಲ್ಲಿ ಜಪಾನ್ ಒಂದರಲ್ಲೇ 40 ಲಕ್ಷ ದಾಟಿತು.

ಇನ್ನೊಂದು ಮಾತು. ಕಂಪನಿಗಳು ಹೇಳೋದು ಎಷ್ಟೋ ಸಲ ಅಂಗಡಿಗೆ ಕಳಿಸಿದ ಲೆಕ್ಕ, ಜನ ಕೊಂಡ ಲೆಕ್ಕ ಅಲ್ಲ. ತಿಪಟೂರು ಮಂಡಿಗೆ ಬಂದಿಳಿದ ಕೊಬ್ಬರಿಯೆಲ್ಲ ಅವತ್ತೇ ಮಾರಾಟ ಆಗಲ್ಲವಲ್ಲ, ಹಾಗೆ. ನಿಮ್ಮ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಹಾಕಿ.