ದೊಡ್ಡ ಟಚ್‌ಸ್ಕ್ರೀನ್ ಇರುವ ಕಾರು ದಿನಬಳಕೆಗೆ ಅನುಕೂಲವೇ?

ಗುಂಡಿಗಳಿರುವ ಕೆಳಗಿನ ವೇರಿಯೆಂಟ್ ಸಾಕೇ, ಹೆಚ್ಚು ಹಣ ಕೊಟ್ಟು ದೊಡ್ಡ ಪರದೆಯದ್ದನ್ನೇ ಕೊಳ್ಳಲೇ ಎಂದು ಕೇಳಿದ್ದೀರಿ. ಪರದೆ ಇರಲಿ. ಆದರೆ ಎಸಿಯ ಗುಂಡಿಗಳನ್ನೂ ಅದರೊಳಗೆ ನುಂಗಿಕೊಂಡಿರುವ ಕಾರು ಬೇಡ.

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮುಂಗಾಜು ಒಳಗಿನಿಂದ ಎಷ್ಟು ಬೇಗ ಮಂಜುಗಟ್ಟುತ್ತದೆ ಎಂಬುದು ಅಲ್ಲಿ ಓಡಿಸಿದವರಿಗೆ ಗೊತ್ತು. ಆಗ ಎಸಿ ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಬೇಕು. ತಿರುಗಿಸುವ ಗುಂಡಿಯಿದ್ದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಕಣ್ಣು ತಿರುವಿನ ಮೇಲೆಯೇ ಇರುತ್ತದೆ. ನಾನೀಗ ಓಡಿಸುವ ಕಾರಿನಲ್ಲಿ (ಕಂಪನಿಯ ಹೆಸರು ಬೇಡ ಬಿಡಿ) ಮೊದಲು ಮ್ಯಾಪಿನಿಂದ ಹೊರಬರಬೇಕು, ಎಸಿಯ ಪುಟ ತೆರೆಯಬೇಕು, ಆಮೇಲೆ ಮುಖ, ಕಾಲು, ಗಾಜು ಎಂದು ಸಾಲಾಗಿರುವ ಪುಟ್ಟ ಚಿತ್ರಗಳಲ್ಲಿ ಬೇಕಾದುದನ್ನು ಒತ್ತಬೇಕು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಇದೆಲ್ಲ ಎಡಗೈಯ ಪಾಲಿನ ಕೆಲಸ. ನಡುವೆ ಚಕ್ರ ಹೊಂಡಕ್ಕೆ ಇಳಿಯಿತೋ, ಬೆರಳು ಪಕ್ಕದ ಚಿತ್ರಕ್ಕೆ ತಗಲಿ ಗಾಳಿ ಕಾಲಿಗೆ ಬೀಸತೊಡಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 2 ಸೆಕೆಂಡು ಕಣ್ಣು ತೆಗೆದರೆ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ.

ಇದು ನನ್ನೊಬ್ಬನ ಗೊಣಗಾಟವಲ್ಲ. 2022ರಲ್ಲಿ ಸ್ವೀಡನ್ನಿನ 'ವಿ ಬಿಲೇಗಾರೆ' ಪತ್ರಿಕೆ 11 ಹೊಸ ಕಾರುಗಳನ್ನೂ 2005ರ ಒಂದು ವೋಲ್ವೊ ವಿ70 ಕಾರನ್ನೂ ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸಿ ಪರೀಕ್ಷಿಸಿತು. ಗಾಜಿನ ಮಂಜು ತೆಗೆಯುವ ಡಿಫ್ರಾಸ್ಟರ್ ಹಾಕುವುದು, ರೇಡಿಯೊ ಸ್ಟೇಷನ್ ಬದಲಿಸುವುದು, ಇಂಥವೇ ಕೆಲಸಗಳು. ಚಾಲಕರಿಗೆ ಕಾರನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಲು ಸಮಯವನ್ನೂ ಕೊಟ್ಟಿದ್ದರು. ಗುಂಡಿಗಳ ಹಳೆಯ ವೋಲ್ವೊದಲ್ಲಿ ಎಲ್ಲವೂ 10 ಸೆಕೆಂಡಿನಲ್ಲಿ, 306 ಮೀಟರ್ ಸಾಗುವಷ್ಟರಲ್ಲಿ ಮುಗಿಯಿತು. ಕೊನೆಯ ಸ್ಥಾನದ ಎಂಜಿ ಮಾರ್ವೆಲ್ ಆರ್ ಅದಕ್ಕೆ 1.3 ಕಿ.ಮೀ.ಗೂ ಹೆಚ್ಚು ದೂರ ತೆಗೆದುಕೊಂಡಿತು. ಆದರೆ ಪರದೆಯಿದ್ದ ಡಾಸಿಯಾ ಸ್ಯಾಂಡೆರೊ 13 ಸೆಕೆಂಡು ಚಿಲ್ಲರೆಯಲ್ಲಿ ಮುಗಿಸಿತು. ಅದು ಅಗ್ಗದ ಕಾರು, ಎಸಿಗೆ ಗುಂಡಿಗಳನ್ನು ಉಳಿಸಿಕೊಂಡಿರುವ ಕಾರು. ಹಾಗಾಗಿ ಪರದೆಯನ್ನೇ ದೂರುವುದು ನ್ಯಾಯವಲ್ಲ.

ತಯಾರಕರಿಗೂ ಈಗ ಬಿಸಿ ತಟ್ಟಿದೆ. ಧ್ವನಿ, ತಾಪಮಾನ, ಫ್ಯಾನ್, ಅಪಾಯ ಸೂಚಿಸುವ ಹಜಾರ್ಡ್ ದೀಪಗಳಿಗೆ ಮತ್ತೆ ಗುಂಡಿ ಕೊಡುತ್ತೇವೆ ಎಂದು ವೋಕ್ಸ್‌ವ್ಯಾಗನ್‌ನ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ 2025ರಲ್ಲಿ ಹೇಳಿದರು. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ದೀಪಗಳಂಥವಕ್ಕೆ ಪರದೆಯ ಹೊರಗೆ ಪ್ರತ್ಯೇಕ ನಿಯಂತ್ರಣವಿದ್ದರಷ್ಟೇ ಪೂರ್ಣ ಅಂಕ ಕೊಡುತ್ತದೆ.

ಹಿಮ್ಮುಖ ಕ್ಯಾಮೆರಾ, ಮ್ಯಾಪ್ ಇವೆರಡಕ್ಕೆ ಪರದೆಯನ್ನು ಮೀರಿಸುವುದು ಯಾವುದೂ ಇಲ್ಲ. ಧ್ವನಿ ಆದೇಶವನ್ನು ನಂಬಿಕೊಂಡು ಮಾತ್ರ ಕೊಳ್ಳಬೇಡಿ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೆ ಅದು ಯಾರ ಮಾತು ಕೇಳುತ್ತದೆಂದು ಹೇಳಲಾಗದು.

ಷೋರೂಮಿನಲ್ಲಿ ನಿಂತಿರುವ ಕಾರಿನಲ್ಲೇ ಕುಳಿತು, ನೋಟವನ್ನು ಮುಂಗಾಜಿನಿಂದ ಕದಲಿಸದೆ ಫ್ಯಾನ್ ಹೆಚ್ಚಿಸಿ, ಗಾಳಿಯನ್ನು ಗಾಜಿಗೆ ತಿರುಗಿಸಿ, ಹಾಡಿನ ಧ್ವನಿ ತಗ್ಗಿಸಿ ನೋಡಿ. ಅಲ್ಲೇ ತಡಕಾಡಿದರೆ ಕೆಳಗಿನ ವೇರಿಯೆಂಟನ್ನೇ ತೆಗೆದುಕೊಳ್ಳಿ. ಅದರಲ್ಲಿ ಪರದೆ ಇಲ್ಲದಿದ್ದರೆ ಹೊರಗಿನ ಅಂಗಡಿಯಲ್ಲಿ ಹಾಕಿಸಬಹುದು; ವೈರ್ ಕತ್ತರಿಸದೆ ಕಪ್ಲರ್‌ನಲ್ಲೇ (ವೈರ್‌ಗಳನ್ನು ಸೇರಿಸುವ ಪ್ಲಗ್) ಜೋಡಿಸುವವರನ್ನು ಹುಡುಕಿ, ವಾರಂಟಿಗೆ ತೊಂದರೆಯಾಗುತ್ತದೆಯೇ ಎಂದು ಡೀಲರ್ ಬಳಿ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.