ಮಳೆ ಮುಗಿಯುತ್ತ ಬಂತು, ಹಿತ್ತಿಲು ಕಾಡಾಗಿದೆ. ಎಲ್ಲ ಒಣಗಿ ಹಾಳಾಗಿದೆ, ಡೇರೆ ಹೂಗಿಡದ ಸಾಲೂ ಇದೆ, ಹಾವಿನ ಹೆದರಿಕೆ ಬೇರೆ. ಅತ್ತೆ ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಅವರು ಬರುವಷ್ಟರಲ್ಲಿ ಚೊಕ್ಕ ಮಾಡಿಡಬೇಕು ಅಂತ ಆಸೆ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಆಳೂ ಸಿಗುವುದಿಲ್ಲ. ದಸರೆ ರಜೆಯಲ್ಲಿ ಎಲ್ಲ ಕಿತ್ತು ಹೊಸದಾಗಿ ಶುರು ಮಾಡಲೇ, ಬೇಸಿಗೆವರೆಗೆ ಬಿಡಲೇ?

ಕೀಳಬೇಡಿ. ಬೇಸಿಗೆವರೆಗೆ ಸುಮ್ಮನೆ ಬಿಡಲೂಬೇಡಿ. ಈ ಎರಡರಲ್ಲೇ ಒಂದನ್ನು ಆರಿಸಿಕೊಳ್ಳಬೇಕು ಅಂದುಕೊಂಡಿದ್ದೀರಲ್ಲ, ಅದೇ ಸರಿಯಲ್ಲ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ನನ್ನದು ಕೇಳಿ. ನಿಮ್ಮ ಅತ್ತೆಯ ಹಾಗೇ ನನ್ನ ಅತ್ತೆಯೂ ಆಗ ಮಗಳ ಬಾಣಂತನಕ್ಕೆ ಹೋಗಿದ್ದರು. ನಾನೂ ನಿಮ್ಮ ಹಾಗೇ, ಅವರು ಬರುವಷ್ಟರಲ್ಲಿ ಹಿತ್ತಿಲು ಚೊಕ್ಕ ಮಾಡಿಟ್ಟು ತೋರಿಸಬೇಕು ಅಂತ ಹೊರಟಿದ್ದೆ.

ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನನ್ನ ಗಂಡನ ಊರಿಗೆ ಬಂದು ಐದು ತಿಂಗಳಾಗಿತ್ತು. 2017ನೇ ಇಸವಿ. ಆ ವರ್ಷ ದಸರೆ ಬೇಗ, ಸೆಪ್ಟೆಂಬರ್ 30ಕ್ಕೇ ವಿಜಯದಶಮಿ. ಜೂನ್‌ನಿಂದ ಬಚ್ಚಲೊಲೆ ಮೇಲಿನ ಹಗ್ಗದಲ್ಲೇ ಒಣಗಿದ ಬಟ್ಟೆಗೆಲ್ಲ ಹೊಗೆ ವಾಸನೆ ಹಿಡಿದಿತ್ತು. ಹಸ್ತ ಮಳೆ ಶುರುವಾದ ಮೇಲೆ ಬೆಳಿಗ್ಗೆ ಒಳ್ಳೆ ಬಿಸಿಲು, ಮಧ್ಯಾಹ್ನ ಮೂರರ ಮೇಲೆ ಗುಡುಗು. ಅಂಗಳದ ಹಾವಸೆ ಒಣಗಿ ಹಪ್ಪಳದ ಹಾಗೆ ಏಳುತ್ತಿತ್ತು. ನಾಲ್ಕು ತಿಂಗಳು ಕತ್ತಲಲ್ಲಿದ್ದ ಜಗಲಿಯ ಒಳಗೋಡೆವರೆಗೂ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕಂಬಳಿ, ಹಾಸಿಗೆ, ಬೂಸಲು ಹಿಡಿದ ಚಪ್ಪಲಿ, ಎಲ್ಲವನ್ನೂ ಹೊರಗೆ ಹಾಕಿದೆ. ಒಳಗಿನದು ಮುಗಿದ ಮೇಲೆ ಕಣ್ಣು ಹಿತ್ತಿಲ ಕಡೆ ಹೋಯಿತು.

ಹೀರೆಬಳ್ಳಿಯ ಎಲೆಗೆ ಬೂದಿ ಬಡಿದಿತ್ತು. ಮೊಗೆಬಳ್ಳಿ, ಅಂದರೆ ಮಂಗಳೂರು ಸೌತೆಯ ಬಳ್ಳಿ, ಬುಡದಿಂದ ಒಣಗುತ್ತ ಬಂದಿತ್ತು. ಡೇರೆ ಗಿಡಗಳು ಮಳೆಗೆ ಅಡ್ಡ ಬಿದ್ದು, ಕೆಳಗಿನ ಎಲೆಯೆಲ್ಲ ಕಪ್ಪಾಗಿ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಹೂ. ಡೇರೆ ಅಂದರೆ ಡೇಲಿಯಾ. ಮೂಲ ಮೆಕ್ಸಿಕೋದ ಗುಡ್ಡಗಳದು. ಅಲ್ಲೂ ಅದು ಮಳೆ ಬಂದಾಗ ಚಿಗುರಿ, ಒಣಗಾಲದಲ್ಲಿ ಗೆಡ್ಡೆಯಾಗಿ ನೆಲದೊಳಗೆ ಮಲಗುತ್ತದೆ. ಅದಕ್ಕೇ ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದ ಹಾಗೆ ಒಗ್ಗಿಕೊಂಡಿದೆ. ಅತ್ತೆಯ ಹತ್ತಿರ ಹದಿನಾಲ್ಕು ಬಣ್ಣ ಇದ್ದವು. ಬಿಳಿ ಎಸಳಿಗೆ ನೇರಳೆ ಅಂಚಿನದೊಂದನ್ನು ಅವರು ಮದುವೆಯಾದ ಮರುವರ್ಷ ತವರಿನಿಂದ ಬಾಳೆಪಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಚೌತಿಗೆ ಗಣಪತಿಯ ಮುಂದೆ ಇಡುವ ಮೊದಲ ಹೂ ಯಾವಾಗಲೂ ಅದೇ.

ಆಯುಧಪೂಜೆಗೆ ತೊಳೆದು ಕುಂಕುಮ ಹಚ್ಚಿದ್ದ ಗುದ್ದಲಿಯನ್ನೇ ಹಿಡಿದು, ಗಾಂಧಿ ಜಯಂತಿ ರಜೆಯ ದಿನ ಗಂಡ ಹೆಂಡತಿ ಇಬ್ಬರೂ ಇಳಿದೆವು. ಸಂಜೆಯೊಳಗೆ ಹಿತ್ತಿಲು ಬರಿ ನೆಲ.

ಡೇರೆ ಗೆಡ್ಡೆ ಹಾಳಾಗಬಾರದು ಅನ್ನುವ ಕಾಳಜಿ ನನಗೆ ಇತ್ತು, ಅದನ್ನು ಹೇಳಲೇಬೇಕು. ಒಂದೊಂದು ಬುಡವನ್ನೂ ಹುಷಾರಾಗಿ ಅಗೆದೆ. ಗೆಣಸಿನ ಹಾಗೆ ಐದಾರು ಗೆಡ್ಡೆ ಒಟ್ಟಿಗೆ ಬರುತ್ತವೆ, ನಡುವೆ ಬೆರಳು ಗಾತ್ರದ ದಂಟು. ನಲ್ಲಿಯ ಕೆಳಗೆ ಹಿಡಿದು ಮಣ್ಣು ಪೂರ್ತಿ ತೊಳೆದೆ. ಆಮೇಲೆ ದಂಟನ್ನು ಎಡಗೈಯಲ್ಲಿ ಹಿಡಿದು ಗೆಡ್ಡೆಗಳನ್ನು ಒಂದೊಂದಾಗಿ ತಿರುಚಿ ಬಿಡಿಸಿದೆ. ಎಳೆ ಗೆಡ್ಡೆ, ಟಕ್ ಅಂತ ಬರುತ್ತಿತ್ತು. ದಪ್ಪ ದಪ್ಪ ಅರವತ್ತೊಂದು ಗೆಡ್ಡೆ ಆದವು. ನೆರಳಲ್ಲಿ ಆರಿಸಿ, ಬುಟ್ಟಿಗೆ ಹಾಕಿ ಅಟ್ಟದ ಮೇಲಿಟ್ಟೆ. ದಂಟುಗಳನ್ನು ಗೊಬ್ಬರಗುಂಡಿಗೆ ಎಸೆದೆ.

ತಪ್ಪು ಆದದ್ದು ಇಲ್ಲೇ. ಇದನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಯಾವ ತುಂಡು ಹಾಕಿದರೂ ಒಂದು ಕಣ್ಣಿದ್ದರೆ ಚಿಗುರುತ್ತದೆ. ಡೇರೆ ಗೆಡ್ಡೆ ಹಾಗಲ್ಲ. ಅದು ಬರೀ ದಪ್ಪಗಾದ ಬೇರು. ಊಟ ತುಂಬಿಟ್ಟುಕೊಳ್ಳುವ ಚೀಲ ಅಷ್ಟೇ, ಮೈಮೇಲೆ ಒಂದೂ ಕಣ್ಣಿರುವುದಿಲ್ಲ. ಕಣ್ಣಿರುವುದು ಗೆಡ್ಡೆಯ ಕುತ್ತಿಗೆ ಹಳೆ ದಂಟಿಗೆ ಕೂಡುವ ಜಾಗದಲ್ಲಿ, ಒಂದು ಬೆರಳಗಲದಲ್ಲಿ ಮಾತ್ರ. ಅಕ್ಟೋಬರ್‌ನಲ್ಲಿ ಅದು ಕಾಣುವುದೂ ಇಲ್ಲ, ಮೇ ತಿಂಗಳಲ್ಲಿ ಸಾಸಿವೆಕಾಳಿನಷ್ಟು ಉಬ್ಬಿದಾಗಲೇ ಗೊತ್ತಾಗುವುದು. ನಾನು ಗೆಡ್ಡೆಯನ್ನು ಮುರಿದದ್ದು ಸರಿಯಾಗಿ ಆ ಕುತ್ತಿಗೆಯಲ್ಲಿ. ಕಣ್ಣೆಲ್ಲ ದಂಟಿನ ಜೊತೆ ಗುಂಡಿಗೆ ಹೋಯಿತು, ನಾನು ಜೋಪಾನ ಮಾಡಿದ್ದು ಕುರುಡು ಗೆಡ್ಡೆಗಳನ್ನು. ಗೆಡ್ಡೆ ಎಷ್ಟೇ ದಪ್ಪ ಇರಲಿ, ಎಷ್ಟೇ ಗಟ್ಟಿ ಇರಲಿ, ಕುತ್ತಿಗೆ ಮತ್ತು ದಂಟಿನ ಒಂದು ಚೂರು ಅದಕ್ಕೆ ಅಂಟಿಕೊಂಡಿಲ್ಲದಿದ್ದರೆ ಅದರಿಂದ ಗಿಡ ಏಳುವುದಿಲ್ಲ. ದಂಟು ಇನ್ನೂ ಹಸಿರಿದ್ದಾಗ, ಗೆಡ್ಡೆ ಎಳೆಯದಾಗಿದ್ದಾಗ ಕುತ್ತಿಗೆ ಇನ್ನೂ ಸುಲಭವಾಗಿ ಮುರಿಯುತ್ತದೆ. ಹಗಲು ಕಿರಿದಾದ ಮೇಲೇ ಈ ಗಿಡ ಗೆಡ್ಡೆ ತುಂಬಿಸಲು ಜೋರಾಗಿ ಶುರು ಮಾಡುವುದು. ನಮ್ಮಲ್ಲಿ ಅದು ಸೆಪ್ಟೆಂಬರ್ ಕೊನೆಗೆ. ಅಂದರೆ ಗಿಡ ಕೆಲಸಕ್ಕೆ ಕೈಹಾಕಿದ ವಾರವೇ ನಾನು ಅದನ್ನು ಕಿತ್ತಿದ್ದೆ.

ದೀಪಾವಳಿಗೆ ಎರಡು ದಿನ ಮೊದಲು ಅತ್ತೆ ಬಂದರು. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದರು. ನಾನು ಬುಟ್ಟಿ ತಂದು ತೋರಿಸಿದೆ. ಅವರು ಒಂದು ಗೆಡ್ಡೆ ಎತ್ತಿ, ಮುರಿದ ತುದಿಯನ್ನು ಹೆಬ್ಬೆರಳಲ್ಲಿ ಸವರಿ, "ದಂಟು ಎಲ್ಲಿ?" ಅಂದರು.

"ಗುಂಡಿಗೆ ಹಾಕಿದೆ."

"ಕಣ್ಣು ಅದ್ರಲ್ಲೇ ಇತ್ತಲ್ಲೇ ಮಾರಾಯ್ತಿ."

ಗುಂಡಿಗೆ ಹೋಗಿ ಹುಡುಕಿದೆವು. ಹದಿನೈದು ದಿನದ ಸಗಣಿ, ಸೊಪ್ಪು ಮೇಲೆ ಬಿದ್ದಿತ್ತು. ಸಿಕ್ಕ ದಂಟುಗಳು ಕೈಯಲ್ಲೇ ಹಿಸುಕಿ ಹೋದವು. ಅತ್ತೆ ಬೈಯಲಿಲ್ಲ. "ಆದ್ರೂ ಮೇನಲ್ಲಿ ಇಡು, ನಾಕರಲ್ಲಾದ್ರೂ ಚೂರು ಅಂಟಿರ್ಬಹುದು" ಅಂದರು. ಇಟ್ಟೆ. ಅರವತ್ತೊಂದರಲ್ಲಿ ಎದ್ದದ್ದು ಎರಡು. ಜೂನ್ ಕೊನೆಗೆ ಏಳದೇ ಉಳಿದ ಒಂದನ್ನು ಅಗೆದು ನೋಡಿದೆ. ಕೊಳೆತಿರಲಿಲ್ಲ, ಇಟ್ಟ ಹಾಗೇ ಗಟ್ಟಿಯಾಗಿತ್ತು. ಬುಡದಲ್ಲಿ ಕೂದಲಿನಂಥ ಬಿಳಿ ಬೇರು ಕೂಡ ಬಂದಿತ್ತು. ಮೇಲೆ ಏನೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಮಳೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ.

ಆಮೇಲೆ ಅತ್ತೆ ಮಂಡಿನೋವು ಇಟ್ಟುಕೊಂಡೇ ಊರಿನ ಮನೆಮನೆಗೆ ನಡೆದರು. ವರ್ಷ ವರ್ಷ ಯಾರು ಯಾರಿಗೆ ಯಾವ ಬಣ್ಣ ಕೊಟ್ಟಿದ್ದರೋ ಎಲ್ಲ ನೆನಪಿತ್ತು. ನಮ್ಮ ಕಡೆ ಹೆಂಗಸರು ಗೆಡ್ಡೆಯನ್ನು, ಚಿಗುರಿದ ಹೆಣೆಯನ್ನು ಕೊಟ್ಟು ತೆಗೆದುಕೊಂಡು ಮಾಡುವುದು ಬರೀ ಶೋಕಿಗೆ ಅಂತ ನಾನು ಅಂದುಕೊಂಡಿದ್ದೆ. ಕೊಟ್ಟ ಮನೆಗಳಿಂದ ಏಳು ಬಣ್ಣ ವಾಪಸು ಬಂದವು. ನಮ್ಮಲ್ಲೇ ಎದ್ದ ಎರಡು ಸೇರಿ ಒಂಬತ್ತು. ಬಿಳಿಗೆ ನೇರಳೆ ಅಂಚಿನದು ಸಿಗಲಿಲ್ಲ. ಅದನ್ನು ಪಡೆದಿದ್ದ ಎರಡು ಮನೆಯವರೂ ಊರು ಬಿಟ್ಟು ಹೋಗಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು "ಎಲ್ಲ ಒಣಗಿ ಹಾಳಾಗಿದೆ" ಅಂತ ಬರೆದಿದ್ದೀರಿ. ಹಾಳಾಗಿಲ್ಲ. ಒಣಗುತ್ತಿರುವುದರಲ್ಲಿ ಮುಕ್ಕಾಲು ಪಾಲು ಬೀಜ ಕಟ್ಟುತ್ತಿದೆ, ಇಲ್ಲವೇ ಗೆಡ್ಡೆ ತುಂಬಿಸುತ್ತಿದೆ. ಅರಿಶಿನದ ಎಲೆ ಹಳದಿಯಾದರೂ ಸಂಕ್ರಾಂತಿವರೆಗೆ ಅದನ್ನು ಮುಟ್ಟುವಂತಿಲ್ಲ. ಹೀರೆಬಳ್ಳಿಯಲ್ಲಿ ಬಲಿತ ಒಂದೆರಡು ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಬಿಡಬೇಕು. ಮೊಗೆಕಾಯಿ ಬಲಿತದ್ದನ್ನು ತಂದು ಬಾಳೆನಾರಿನಲ್ಲಿ ಅಟ್ಟದ ಜಂತೆಗೆ ಕಟ್ಟಿದರೆ ಬೇಸಿಗೆಯಲ್ಲೂ ಹುಳಿ ಮಾಡಲು ಆಗುತ್ತದೆ, ಬೀಜವೂ ಉಳಿಯುತ್ತದೆ. ಇನ್ನೊಂದು ಮಾತು. ಆಶ್ವೀಜದ ಹುಣ್ಣಿಮೆಗೆ ನಮ್ಮಲ್ಲಿ ಭೂಮಿ ಹುಣ್ಣಿಮೆ. ಗದ್ದೆಯ ಬಸುರಿ ಭೂಮಿಗೆ ಬಯಕೆ ಊಟ ಅಂತ ನಸುಕಿನಲ್ಲಿ ಸೊಪ್ಪುಗಳ ಅಂಬಲಿ ಬೀರುವ ಹಬ್ಬ. ಆ ಸೊಪ್ಪು, ಕುಡಿ ಬರುವುದು ಬೇಲಿ ಸಾಲಿನಿಂದ, ನೀವು ಕಳೆ ಅಂದುಕೊಂಡಿರುವ ಗಿಡಗಳಿಂದಲೇ. ದಸರೆಗೆ ಹಿತ್ತಿಲು ಬೋಳಿಸಿದ ನಾನು ಆ ವರ್ಷ ಹುಣ್ಣಿಮೆಯ ಹಿಂದಿನ ದಿನ ಪಕ್ಕದ ಮನೆಯ ಬೇಲಿಯಿಂದ ಸೊಪ್ಪು ತಂದೆ.

ಮಣ್ಣಿನದೂ ಇದೇ ಕತೆ. ಚಿತ್ತೆ, ಸ್ವಾತಿ ಮಳೆ ಇನ್ನೂ ಬಾಕಿ ಇದೆ. ಅಗೆದು ಸಡಿಲಾದ ನೆಲದ ಮೇಲೆ ಒಂದು ಗುಡುಗು ಮಳೆ ಬಿದ್ದರೆ ಮೇಲ್ಮಣ್ಣು ಚರಂಡಿಗೆ ಹೋಗುತ್ತದೆ. ಉಳಿದದ್ದು ಡಿಸೆಂಬರ್‌ಗೆ ಇಟ್ಟಿಗೆ ಆಗುತ್ತದೆ. ನನ್ನ ಹಿತ್ತಿಲಲ್ಲಿ ಹಾಗೇ ಆಯಿತು. ಆದ್ದರಿಂದ ಗುದ್ದಲಿ ಬೇಡ, ಕತ್ತಿ ಸಾಕು. ಕಳೆ ಬೀಜ ಬಿಡುವ ಮೊದಲು ಬುಡದಲ್ಲಿ ಸವರಿ ಅಲ್ಲೇ ಹಾಸಿ. ಹಾವಿನ ಹೆದರಿಕೆ ಇದೆ ಅಂದಿದ್ದೀರಿ, ಅದು ನಿಜವಾದ ಕಾರಣ. ಮನೆಯ ಸುತ್ತ ನಾಲ್ಕು ಮಾರು, ಬಾವಿಗೆ ಹೋಗುವ ದಾರಿ, ಕಟ್ಟಿಗೆ ರಾಶಿಯ ಸುತ್ತ, ಇಷ್ಟನ್ನು ಈ ವಾರವೇ ಪೂರ್ತಿ ಚೊಕ್ಕ ಮಾಡಿ. ಅಲ್ಲಿ ಹರಿವೆ, ಮೂಲಂಗಿ ಬೀಜ ಹಾಕಬಹುದು. ಕೊನೆಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ ಅನ್ನುವ ಅವಸರ ಗೊತ್ತು. ಆದರೆ ಸವರುವ ಕೆಲಸಕ್ಕೆ ಆಳು ಬೇಡ, ದಿನಕ್ಕೆ ಅರ್ಧ ಗಂಟೆ ನೀವೇ ಮಾಡಬಹುದು.

ನಿಮ್ಮಲ್ಲೂ ಡೇರೆ ಸಾಲು ಇದೆ ಅಂತ ಬರೆದಿದ್ದೀರಿ. ನಾಳೆ ಬೆಳಿಗ್ಗೆಯೇ, ತುದಿಯಲ್ಲಿ ಹೂ ಇರುವಾಗಲೇ, ಒಂದೊಂದು ಗಿಡದ ಬುಡಕ್ಕೂ ಅದೇ ಬಣ್ಣದ ಬಟ್ಟೆ ಚೂರು ಕಟ್ಟಿ. ಒಣಗಿದ ಮೇಲೆ ಯಾವುದು ಯಾವ ಬಣ್ಣ ಅಂತ ನಿಮ್ಮ ಅತ್ತೆಗೂ ಗೊತ್ತಾಗುವುದು ಕಷ್ಟ. ಗಿಡ ತಾನಾಗಿ ಒಣಗಲಿ, ನವೆಂಬರ್ ಕೊನೆಯಾದರೂ ಸರಿ. ಒಂದು ಗೇಣು ದಂಟು ಬಿಟ್ಟು ಕತ್ತರಿಸಿ, ಗೊಂಚಲು ಗೊಂಚಲಾಗೇ ಎತ್ತಿ. ತೊಳೆಯಬೇಡಿ, ಮಣ್ಣು ಕೊಡವಿ ಸಾಕು. ಹಳೇ ಮಡಕೆಯಲ್ಲಿ ಒಣ ಮರಳು ತುಂಬಿ ಇಟ್ಟು, ತಿಂಗಳಿಗೊಮ್ಮೆ ಕೈಹಾಕಿ ನೋಡಿ, ಮೆತ್ತಗಾದದ್ದನ್ನು ತೆಗೆಯಿರಿ. ಬಿಡಿಸುವುದು ಮೇ ತಿಂಗಳಲ್ಲಿ, ಕಣ್ಣು ಉಬ್ಬಿ ಕಂಡ ಮೇಲೆ ಮಾತ್ರ, ಅದೂ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಆ ಸಾಲಿನಲ್ಲಿ ಬಿಳಿಗೆ ನೇರಳೆ ಅಂಚಿನದು ಇದೆಯಾ ಅಂತ ನೋಡಿ ಹೇಳಿ. ಇದ್ದರೆ ಮೇನಲ್ಲಿ ಒಂದು ಗೆಡ್ಡೆ ಇಟ್ಟಿರಿ, ಕುತ್ತಿಗೆ ಸಮೇತ. ಎಷ್ಟು ದೂರವಾದರೂ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಅತ್ತೆಗೆ ಈಗ ಎಪ್ಪತ್ತು ದಾಟಿದೆ.