‘ಬಿ.ಎ. ಮಾಡಿ ಏನು ಮಾಡುತ್ತಾಳೆ?’

ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿದೆ. ಅವಳು ಮಾತ್ರ ಇತಿಹಾಸ, ಅರ್ಥಶಾಸ್ತ್ರ ಓದುತ್ತೇನೆ, ಲಿಬರಲ್ ಆರ್ಟ್ಸ್ (ಹಲವು ವಿಷಯಗಳನ್ನು ಕೂಡಿಸಿ ಓದಿಸುವ) ಕಾಲೇಜಿಗೆ ಸೇರಿಸಿ ಎನ್ನುತ್ತಾಳೆ. ಅವಳು ತೋರಿಸುವ ಖಾಸಗಿ ವಿಶ್ವವಿದ್ಯಾಲಯದ ಶುಲ್ಕ ವರ್ಷಕ್ಕೆ ಲಕ್ಷಗಟ್ಟಲೆ. ಯಜಮಾನರು ಅವಳೊಂದಿಗೆ ಮಾತು ಬಿಟ್ಟಿದ್ದಾರೆ. ಇಬ್ಬರ ನಡುವೆ ನಾನು ಸೋತಿದ್ದೇನೆ.
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಯಜಮಾನರ ಭಯ ಸುಳ್ಳಲ್ಲ, ತಾಯಿ. ಬಿ.ಎ. ಮುಗಿಸಿದವರಿಗೆ ಕ್ಯಾಂಪಸ್ಸಿನಲ್ಲೇ ಕೆಲಸ ಸಿಗುವುದು ಅಪರೂಪ. ಆದರೆ ದಾರಿ ಮುಚ್ಚುವುದಿಲ್ಲ. ಐಎಎಸ್, ಕೆಎಎಸ್, ಬ್ಯಾಂಕ್ ಅಧಿಕಾರಿ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಮೂರು ವರ್ಷದ ಎಲ್‌ಎಲ್‌ಬಿ, ಬಿ.ಇಡಿ., ಸಮಾಜಕಾರ್ಯ, ಪತ್ರಿಕೋದ್ಯಮ ಎಲ್ಲವೂ ತೆರೆದೇ ಇರುತ್ತವೆ.

ಈ ಓದಿನ ನಿಜವಾದ ಬೆಲೆ ಇರುವುದು ಬೇರೆ ಕಡೆ. ನೀವು ದಿನವೂ ಹಾದುಹೋಗುವ ಮೆಜೆಸ್ಟಿಕ್ ಬಸ್ ನಿಲ್ದಾಣವಿರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ನೆಲದಲ್ಲಿ. ಕೆರೆ ಏಕೆ ಹೋಯಿತು, ಅದರ ನೀರನ್ನು ನಂಬಿದ್ದವರು ಏನಾದರು, ನೆಲದಿಂದ ಲಾಭ ಯಾರಿಗಾಯಿತು? ಇದನ್ನು ಇತಿಹಾಸವೊಂದೇ ಹೇಳಲಾರದು, ಅರ್ಥಶಾಸ್ತ್ರವೊಂದೇ ಹೇಳಲಾರದು. ಹಳೆಯ ದಾಖಲೆ ಓದಬೇಕು, ಜನರನ್ನು ಕೇಳಬೇಕು, ಲೆಕ್ಕ ಹಾಕಬೇಕು, ಕೊನೆಗೆ ಸ್ಪಷ್ಟವಾಗಿ ಬರೆಯಬೇಕು. ಅದನ್ನು ಒಬ್ಬ ಅಧ್ಯಾಪಕರು ಸಾಲುಸಾಲಾಗಿ ಓದಿ, ‘ಇಲ್ಲಿ ಆಧಾರವಿಲ್ಲ, ಮತ್ತೆ ಬರೆ’ ಎಂದು ಹಿಂದಿರುಗಿಸಬೇಕು. ಹೀಗೆ ಪಳಗಿದ ಹುಡುಗಿ ಯಾವ ಕೆಲಸಕ್ಕೆ ಹೋದರೂ ತನ್ನ ಬುದ್ಧಿಯಿಂದಲೇ ನಿಲ್ಲುತ್ತಾಳೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಾಗೆ ತಿದ್ದುವವರಿಲ್ಲದ ಕಾಲೇಜಿಗೆ ಲಕ್ಷ ಸುರಿದರೂ ದಂಡ.

ಆದ್ದರಿಂದ ಓದನ್ನೂ ಶುಲ್ಕವನ್ನೂ ಒಂದೇ ಗಂಟು ಕಟ್ಟಬೇಡಿ. ಓದಿಗೆ ಒಪ್ಪಿಕೊಳ್ಳಿ, ಮನೆ ಅಡವಿಡಲು ಮಾತ್ರ ಒಪ್ಪಬೇಡಿ. ಮಹಾರಾಣಿ ಕಾಲೇಜಿನಂತಹ ಸರ್ಕಾರಿ ಸಂಸ್ಥೆಗಳಿವೆ. ನಿಮಗೆ ಹತ್ತಿರದ ಜ್ಞಾನಭಾರತಿ ಆವರಣದಲ್ಲೇ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ, ಪಿಯುಸಿ ಆದವರನ್ನು ಸೇರಿಸಿಕೊಳ್ಳುತ್ತದೆ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತದೆ. ಇನ್ನೊಂದು ಲೆಕ್ಕ: 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಯನ್ನು ಮತ್ತೆ ತಂದಿದೆ; ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಆನರ್ಸ್ ನಾಲ್ಕು ವರ್ಷ. ಆ ಹೆಚ್ಚಿನ ವರ್ಷದ ಖರ್ಚನ್ನೂ ಈಗಲೇ ಸೇರಿಸಿ ನೋಡಿ.

ಇನ್ನು ನಿಮ್ಮ ಸಂಕಟ. ಅಪ್ಪನ ಮಾತನ್ನು ಮಗಳಿಗೆ, ಮಗಳ ಮಾತನ್ನು ಅಪ್ಪನಿಗೆ ಮುಟ್ಟಿಸುವುದನ್ನು ಇವತ್ತೇ ನಿಲ್ಲಿಸಿ. ಅವರಿಬ್ಬರೇ ಎರಡು ಮೂರು ಕಾಲೇಜುಗಳಿಗೆ ಹೋಗಿ ಬರಲಿ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಬರೆದದ್ದನ್ನು ಯಾರು ತಿದ್ದುತ್ತಾರೆ, ಹಿಂದಿನ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಅಪ್ಪನೇ ಕೇಳಲಿ. ಅದು ಮುಗಿಯುವವರೆಗೆ ಸಿಇಟಿಯ ಆಯ್ಕೆ ನಮೂದಿಸುವ ಕೊನೆಯ ದಿನಾಂಕ ತಪ್ಪದಂತೆ ನೋಡಿಕೊಳ್ಳಿ.